ಕಣ್ಣಿಗೆ ಕಾಣದ ಗಾಯಕ್ಕೂ ಒಂದು ಚರಿತ್ರೆ ಇದೆ

ಆತನ ಹೆಸರು ಹ್ಯಾರಿ ಫಾರ್. ವಯಸ್ಸು 25. ಬ್ರಿಟಿಷ್ ಸೈನ್ಯದಲ್ಲಿ ಒಬ್ಬ ಸಾಮಾನ್ಯ ಸಿಪಾಯಿ. 1916ರ ಅಕ್ಟೋಬರ್ ತಿಂಗಳ ಒಂದು ಬೆಳಗಿನ ಜಾವ, ಫ್ರಾನ್ಸ್ ನೆಲದಲ್ಲಿ ಆತನನ್ನು ನಿಲ್ಲಿಸಿ ಗುಂಡಿಟ್ಟು ಕೊಂದರು. ಕೊಂದವರು ಜರ್ಮನರಲ್ಲ. ಆತನದೇ ಸೈನ್ಯ!

ಮಾಡಿದ ತಪ್ಪೇನು ಗೊತ್ತಾ? ಹೇಡಿತನ. ಮುಂಚೂಣಿಗೆ ಹೋಗು ಅಂದರೆ "ನನ್ನ ಕೈಲಾಗಲ್ಲ" ಅಂದ. ಅಷ್ಟೇ. ಅದಕ್ಕೂ ಹಿಂದಿನ ವರ್ಷ ಇದೇ ಫಾರ್ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದ. ಮೈಮೇಲೆ ಒಂದೇ ಒಂದು ಗಾಯವಿರಲಿಲ್ಲ. ಆದರೆ ಕೈ ಎಷ್ಟು ನಡುಗುತ್ತಿತ್ತು ಅಂದ್ರೆ, ಹೆಂಡತಿಗೆ ಕಾಗದ ಬರೆಯೋಕೂ ಆಗದೆ ನರ್ಸ್ ಕೈಲಿ ಬರೆಸುತ್ತಿದ್ದ. ಇಂಥವನ ವಿಚಾರಣೆ ಕೆಲವೇ ನಿಮಿಷಗಳಲ್ಲಿ ಮುಗಿಯಿತು. ಆತನ ಪರ ಮಾತಾಡೋಕೆ ಒಬ್ಬರೂ ಇರಲಿಲ್ಲ. ಊರಲ್ಲಿದ್ದ ಹೆಂಡತಿಗೆ ಪಿಂಚಣಿ ಇಲ್ಲ. ಆಕೆ ಆ ಅವಮಾನವನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡೇ ಮಗಳನ್ನು ಬೆಳೆಸಿದಳು. ತನ್ನ ಅಪ್ಪ ಹೇಗೆ ಸತ್ತ ಅನ್ನೋದು ಆ ಮಗಳಿಗೆ ಗೊತ್ತಾಗೋಕೆ ದಶಕಗಳೇ ಬೇಕಾದವು.

ಆ ಯುದ್ಧದಲ್ಲಿ ಓಡಿಹೋದರು, ಹೆದರಿದರು ಅಂತ ಬ್ರಿಟನ್ ತನ್ನದೇ 306 ಸೈನಿಕರನ್ನು ಹೀಗೆ ಕೊಂದಿತು. ಅವರಿಗೆಲ್ಲ ಮರಣೋತ್ತರ ಕ್ಷಮೆ ಸಿಕ್ಕಿದ್ದು 2006ರಲ್ಲಿ. ಅಂದರೆ 90 ವರ್ಷಗಳ ನಂತರ. ಆ ಹೊತ್ತಿಗೆ ಫಾರ್‌ನ ಮಗಳಿಗೆ 90 ದಾಟಿತ್ತು.

ಮನಸ್ಸಿಗೂ ಗಾಯ ಆಗುತ್ತೆ ಅನ್ನೋ ಇಷ್ಟು ಸಣ್ಣ ಸತ್ಯವನ್ನು ಒಪ್ಪೋಕೆ ಒಂದು ಬಲಿಷ್ಠ ದೇಶಕ್ಕೆ 90 ವರ್ಷ ಬೇಕಾಯಿತು ಅಂದ್ರೆ, ನಮ್ಮ ಮನೆ, ನಮ್ಮ ಬೀದಿಯಲ್ಲಿ ಇನ್ನೂ ಅದನ್ನು ಒಪ್ಪದವರು ಇದ್ದಾರೆ ಅನ್ನೋದರಲ್ಲಿ ಆಶ್ಚರ್ಯ ಇಲ್ಲ. ಇವತ್ತು "ಟ್ರಾಮಾ" ಅನ್ನೋ ಪದ ಎಲ್ಲರ ಬಾಯಲ್ಲೂ ಇದೆ. ಬಾಸ್ ಬೈದರೂ ಟ್ರಾಮಾ, ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೂ ಟ್ರಾಮಾ. ಆದರೆ ಈ ಪದದ ಹಿಂದೆ ಎಷ್ಟು ಜನರ ರಕ್ತ ಇದೆ, ಎಷ್ಟು ಜನರ ಹೋರಾಟ ಇದೆ ಅನ್ನೋದನ್ನು ನಾವು ತಿಳಿದುಕೊಳ್ಳಲೇಬೇಕು.

ಕಥೆ ಶುರುವಾಗೋದು ಯುದ್ಧಕ್ಕಿಂತ ಮುಂಚೆ. 19ನೇ ಶತಮಾನದ ಇಂಗ್ಲೆಂಡಿನಲ್ಲಿ ರೈಲು ಬಂತು, ರೈಲಿನ ಜೊತೆ ರೈಲು ಅಪಘಾತಗಳೂ ಬಂದವು. ಅಪಘಾತದಲ್ಲಿ ಬದುಕುಳಿದ ಕೆಲವರ ಮೈಮೇಲೆ ಗಾಯ ಇಲ್ಲ, ಆದರೂ ನಿದ್ದೆ ಇಲ್ಲ, ನಡುಕ, ಮರೆವು. 1866ರಲ್ಲಿ ಜಾನ್ ಎರಿಕ್ ಎರಿಕ್ಸನ್ ಎಂಬ ಸರ್ಜನ್ ಈ ಬಗ್ಗೆ ಪುಸ್ತಕವನ್ನೇ ಬರೆದ. ಬೆನ್ನುಹುರಿಗೆ ಪೆಟ್ಟು ಬಿದ್ದಿರಬೇಕು ಅಂತ ಅವನ ಲೆಕ್ಕಾಚಾರ. ಕಾಯಿಲೆಗೆ "ರೈಲ್ವೆ ಸ್ಪೈನ್" ಅಂತಲೇ ಹೆಸರು ಬಿತ್ತು. ರೈಲ್ವೆ ಕಂಪನಿಗಳ ವಕೀಲರು ಏನಂದರು? ಇದೆಲ್ಲ ಪರಿಹಾರದ ದುಡ್ಡಿಗಾಗಿ ಆಡೋ ನಾಟಕ ಅಂದರು. ಈ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದೆ ಪ್ರತಿ ಸಲವೂ, ಪ್ರತಿ ದೇಶದಲ್ಲೂ, ನೊಂದವರ ಕಿವಿಗೆ ಮೊದಲು ಬೀಳೋದು ಇದೇ ಮಾತು.

ಮೊದಲನೇ ಮಹಾಯುದ್ಧದ ಹೊತ್ತಿಗೆ ಇದು ಒಂದಿಬ್ಬರ ಸಮಸ್ಯೆಯಾಗಿ ಉಳಿಯಲಿಲ್ಲ. ಕಂದಕಗಳಲ್ಲಿ ಕೂತ ಸೈನಿಕರ ತಲೆ ಮೇಲೆ ಹಗಲು ರಾತ್ರಿ ಶೆಲ್ ಸುರಿಯುತ್ತಿತ್ತು. ಗಟ್ಟಿಮುಟ್ಟಾದ ಹುಡುಗರು ಇದ್ದಕ್ಕಿದ್ದಂತೆ ಮೂಕರಾದರು. ಕಣ್ಣು ಸರಿ ಇದ್ದರೂ ಕುರುಡರಾದರು. 1915ರಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯ "ಲ್ಯಾನ್ಸೆಟ್" ಪತ್ರಿಕೆಯಲ್ಲಿ ಇದಕ್ಕೆ "ಶೆಲ್ ಶಾಕ್" ಅಂತ ಬರೆದ. ಯುದ್ಧ ಮುಗಿಯೋ ಹೊತ್ತಿಗೆ ಬ್ರಿಟಿಷ್ ಸೈನ್ಯವೊಂದರಲ್ಲೇ ಸುಮಾರು 80,000 ಪ್ರಕರಣ!

ಇಲ್ಲೂ ಒಂದು ತಾರತಮ್ಯ ಇತ್ತು ನೋಡಿ. ಅಧಿಕಾರಿಗೆ ಕಾಯಿಲೆ ಬಂದರೆ ಅದಕ್ಕೆ "ನ್ಯೂರಸ್ತೇನಿಯಾ" ಅನ್ನೋ ಗೌರವದ ಹೆಸರು, ಅಂದರೆ ನರ ದೌರ್ಬಲ್ಯ. ಸಾಮಾನ್ಯ ಸಿಪಾಯಿಗೆ ಬಂದರೆ "ಹಿಸ್ಟೀರಿಯಾ". ಲಂಡನ್ನಿನಲ್ಲಿ ಲೂಯಿಸ್ ಯೆಲ್ಯಾಂಡ್ ಎಂಬ ವೈದ್ಯ ಮಾತು ನಿಂತುಹೋದ ಸಿಪಾಯಿಗಳ ಗಂಟಲಿಗೆ ಕರೆಂಟ್ ಕೊಟ್ಟು ಮಾತಾಡಿಸುತ್ತಿದ್ದ. ಅದನ್ನೇ ಹೆಮ್ಮೆಯಿಂದ ಪುಸ್ತಕ ಮಾಡಿ ಬರೆದ. ಮಾತು ಬಂತು, ನಿಜ. ಆದರೆ ಆ ಮಾತು ಯಾಕೆ ನಿಂತಿತ್ತು ಅಂತ ಕೇಳುವ ವ್ಯವಧಾನ ಮಾತ್ರ ಅಲ್ಲಿರಲಿಲ್ಲ.

ಆ ಪ್ರಶ್ನೆ ಕೇಳಿದವನು ಇನ್ನೊಬ್ಬ. ಡಬ್ಲ್ಯು.ಎಚ್.ಆರ್. ರಿವರ್ಸ್. ಈತನಿಗೂ ನಮ್ಮ ಪಕ್ಕದ ನೀಲಗಿರಿಗೂ ನಂಟಿದೆ. 20ನೇ ಶತಮಾನದ ಆರಂಭದಲ್ಲಿ ಈತ ನೀಲಗಿರಿ ಬೆಟ್ಟಕ್ಕೆ ಬಂದು, ತೋಡ ಜನರ ನಡುವೆ ತಿಂಗಳುಗಟ್ಟಲೆ ಓಡಾಡಿ, ಅವರ ಎಮ್ಮೆ, ಅವರ ಮಂದ್, ಅವರ ಸಂಬಂಧಗಳನ್ನೆಲ್ಲ ಕೇಳಿ ಬರೆದುಕೊಂಡ. 1906ರಲ್ಲಿ "ದಿ ತೋಡಾಸ್" ಎಂಬ ದೊಡ್ಡ ಗ್ರಂಥ ಪ್ರಕಟಿಸಿದ. ಕೂತು, ಬಾಯಿ ಮುಚ್ಚಿಕೊಂಡು, ಎದುರಿನವರ ಮಾತು ಕೇಳಿಸಿಕೊಳ್ಳೋದು ಆತನ ಕಸುಬು. ಆ ಕಸುಬನ್ನೇ ಯುದ್ಧಕಾಲದಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರ್ಗ್ ಹತ್ತಿರದ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಗೆ ಒಯ್ದ. 1917ರಲ್ಲಿ ಆತನ ಕೈಗೆ ಸಿಕ್ಕ ರೋಗಿಗಳಲ್ಲಿ ಕವಿ ಸೀಗ್‌ಫ್ರೀಡ್ ಸಸೂನ್ ಕೂಡ ಒಬ್ಬ.

ಆ ಕಾಲದ ಸಲಹೆ ಒಂದೇ ಇತ್ತು. ಮರೆತುಬಿಡು, ಬೇರೆ ಏನಾದರೂ ಯೋಚನೆ ಮಾಡು, ಗಂಡಸಿನ ಥರ ಇರು. ರಿವರ್ಸ್ ಹೇಳಿದ್ದು ಇದಕ್ಕೆ ಉಲ್ಟಾ. ಹಗಲೆಲ್ಲ ಒತ್ತಿ ಹಿಡಿದದ್ದು ರಾತ್ರಿ ಕನಸಲ್ಲಿ ಎದ್ದು ಬರುತ್ತೆ ಅಂದ. ಒಬ್ಬ ಅಧಿಕಾರಿ ತನ್ನ ಗೆಳೆಯನ ಛಿದ್ರ ಛಿದ್ರವಾದ ಶವವನ್ನು ಕಂಡಿದ್ದ. ದಿನವೂ ಕನಸಲ್ಲಿ ಅದೇ ಶವ. ರಿವರ್ಸ್ ಆತನ ಪಕ್ಕ ಕೂತು ಇಡೀ ಘಟನೆಯನ್ನು ಮಾತಾಡಿದ. ದೇಹ ಆ ಸ್ಥಿತಿಯಲ್ಲಿತ್ತು ಅಂದರೆ ಗೆಳೆಯ ಕ್ಷಣಮಾತ್ರದಲ್ಲಿ, ನೋವೇ ಇಲ್ಲದೆ ಹೋಗಿದ್ದಾನೆ ಅಂತ ತಿಳಿಸಿ ಹೇಳಿದ. ಆ ಅಧಿಕಾರಿಯ ಮುಖ ಅರಳಿತು. ಕೆಲವು ರಾತ್ರಿ ಕನಸೇ ಬೀಳಲಿಲ್ಲ. ಆಮೇಲೆ ಬಿದ್ದ ಕನಸಲ್ಲಿ ಆತ ಗೆಳೆಯನ ಪಕ್ಕದಲ್ಲಿ ಕೂತು ಮಾತಾಡಿದ. ಕನಸು ಹೋಗಲಿಲ್ಲ, ಕನಸಿನ ಹಲ್ಲು ಕಿತ್ತುಹೋಯಿತು.

ಹಾಗಂತ ರಿವರ್ಸ್ ಪವಾಡಪುರುಷ ಅಲ್ಲ. ಇನ್ನೊಬ್ಬ ಅಧಿಕಾರಿ ಕಂಡ ದೃಶ್ಯ ಎಷ್ಟು ಭೀಕರವಾಗಿತ್ತು ಅಂದರೆ, ಅದರಲ್ಲಿ ಸಮಾಧಾನದ ಒಂದು ಎಳೆಯೂ ಸಿಗಲಿಲ್ಲ ಅಂತ ಆತನೇ ಬರೆದಿದ್ದಾನೆ. ಆ ಮನುಷ್ಯನನ್ನು ಸೈನ್ಯದಿಂದ ಬಿಡಿಸಿ ಹಳ್ಳಿ ಕಡೆಗೆ ಕಳಿಸಬೇಕಾಯಿತು. ಇನ್ನೊಂದು ಕಟುಸತ್ಯವೂ ಇದೆ. ರಿವರ್ಸ್ ವಾಸಿ ಮಾಡುತ್ತಿದ್ದದ್ದು ಯಾಕೆ? ಮತ್ತೆ ಅದೇ ಯುದ್ಧಕ್ಕೆ ಕಳಿಸೋಕೆ! ಗಾಯ ಮಾಡಿದ ಕೈಯೇ ಮದ್ದು ಹಚ್ಚುವ ಈ ವಿಚಿತ್ರ ಸ್ಥಿತಿ ಆತನನ್ನೂ ಕಾಡಿತು.

ಯುದ್ಧ ಮುಗಿಯಿತು, ಜಗತ್ತು ಮರೆಯಿತು. ಎರಡನೇ ಮಹಾಯುದ್ಧ ಬಂತು, ಪಾಠವನ್ನು ಮತ್ತೆ ಮೊದಲಿಂದ ಕಲಿಯಬೇಕಾಯಿತು. ಆಮೇಲೆ ಮತ್ತೆ ಮರೆವು. ನಿಜವಾದ ತಿರುವು ಸಿಕ್ಕಿದ್ದು ವಿಯೆಟ್ನಾಂ ಯುದ್ಧದ ನಂತರ. 1970ರ ಸುಮಾರಿಗೆ ನ್ಯೂಯಾರ್ಕ್‌ನಲ್ಲಿ ವಾಪಸ್ ಬಂದ ಸೈನಿಕರು ತಾವೇ ವೃತ್ತಾಕಾರವಾಗಿ ಕೂತು ಮಾತಾಡೋಕೆ ಶುರುಮಾಡಿದರು. ರಾಬರ್ಟ್ ಲಿಫ್ಟನ್, ಚೈಮ್ ಶಟಾನ್ ಎಂಬ ಮನೋವೈದ್ಯರು ಅವರ ಜೊತೆ ಕೂತರು. ಸರ್ಕಾರ ಕೇಳದಿದ್ದರೂ ಪರವಾಗಿಲ್ಲ, ನಾವು ಒಬ್ಬರ ಮಾತು ಇನ್ನೊಬ್ಬರು ಕೇಳೋಣ ಅನ್ನೋದು ಆ ಗುಂಪುಗಳ ಹಟ.

ಅದೇ ಕಾಲಕ್ಕೆ ಬಾಸ್ಟನ್‌ನಲ್ಲಿ ಆನ್ ಬರ್ಗೆಸ್, ಲಿಂಡಾ ಹೋಮ್‌ಸ್ಟ್ರಾಂ ಎಂಬ ಇಬ್ಬರು ಮಹಿಳೆಯರು ಅತ್ಯಾಚಾರಕ್ಕೆ ಒಳಗಾಗಿ ಆಸ್ಪತ್ರೆಗೆ ಬಂದ ಹೆಣ್ಣುಮಕ್ಕಳ ಜೊತೆ ಮಾತಾಡಿ 1974ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬೆಚ್ಚಿಬೀಳೋದು, ದುಃಸ್ವಪ್ನ, ಆ ಜಾಗದ ಹತ್ತಿರವೂ ಸುಳಿಯದೇ ಇರೋದು. ಸೈನಿಕರಲ್ಲಿ ಕಂಡದ್ದೇ ಇಲ್ಲೂ ಕಂಡಿತು. ಯುದ್ಧಭೂಮಿಯಲ್ಲಿ ಗಂಡಸಿಗೆ ಆದದ್ದು, ನಾಲ್ಕು ಗೋಡೆಗಳ ನಡುವೆ ಹೆಣ್ಣಿಗೆ ಆಗುತ್ತಲೇ ಇತ್ತು. ಯಾರೂ ಲೆಕ್ಕ ಇಟ್ಟಿರಲಿಲ್ಲ, ಅಷ್ಟೇ. ಕೊನೆಗೆ 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ಕಾಯಿಲೆಗಳ ಪಟ್ಟಿಗೆ ಹೊಸ ಹೆಸರೊಂದನ್ನು ಸೇರಿಸಿತು. ಪೋಸ್ಟ್ ಟ್ರಾಮಾಟಿಕ್ ಸ್ಟ್ರೆಸ್ ಡಿಸಾರ್ಡರ್, ಪಿಟಿಎಸ್‌ಡಿ. ಕನ್ನಡದಲ್ಲಿ ಹೇಳೋದಾದರೆ ಆಘಾತದ ನಂತರ ಉಳಿದುಬಿಡುವ ಒತ್ತಡದ ಕಾಯಿಲೆ. ದೋಷ ನಿನ್ನ ಗುಂಡಿಗೆಯಲ್ಲಿಲ್ಲ, ನಿನಗೆ ಆದ ಘಟನೆಯಲ್ಲಿದೆ ಅಂತ ವೈದ್ಯಶಾಸ್ತ್ರ ಮೊದಲ ಸಲ ಬರವಣಿಗೆಯಲ್ಲಿ ಒಪ್ಪಿತು.

ಸರಿ, ನಮ್ಮ ಕಥೆ ಏನು?

1947. ದೇಶ ಎರಡು ಹೋಳಾಯಿತು. ಒಂದು ಕೋಟಿಗೂ ಹೆಚ್ಚು ಜನ ಊರು ಬಿಟ್ಟರು. ಲಕ್ಷಾಂತರ ಜನ ಸತ್ತರು. ಎಷ್ಟೋ ಹೆಣ್ಣುಮಕ್ಕಳ ಅಪಹರಣವಾಯಿತು. 1950ರಲ್ಲಿ ಎರಡೂ ದೇಶಗಳು ಮಾನಸಿಕ ಆಸ್ಪತ್ರೆಗಳಲ್ಲಿದ್ದ ರೋಗಿಗಳನ್ನೂ ಧರ್ಮ ನೋಡಿ ಅದಲುಬದಲು ಮಾಡಿಕೊಂಡವು! ಇಷ್ಟು ದೊಡ್ಡ ಆಘಾತದ ಬಗ್ಗೆ ನಮ್ಮ ಮನೋವೈದ್ಯಕೀಯದ ಪುಟಗಳಲ್ಲಿ ದಶಕಗಳ ಕಾಲ ಇದ್ದದ್ದು ಬಹುಪಾಲು ಮೌನ. ಊರ್ವಶಿ ಬುಟಾಲಿಯಾ ಬದುಕುಳಿದವರ ಬಾಯಿಂದಲೇ ಕೇಳಿ ಬರೆದ ಪುಸ್ತಕ ಬಂದದ್ದು 1998ರಲ್ಲಿ. ನಿಮ್ಹಾನ್ಸ್‌ನ ಡಾ. ಸಂಜೀವ್ ಜೈನ್ ಮತ್ತು ಡಾ. ಅಲೋಕ್ ಸರೀನ್ ವಿಭಜನೆಯ ಮಾನಸಿಕ ಪರಿಣಾಮಗಳ ಬಗ್ಗೆ ಸಂಪಾದಿಸಿದ ಗ್ರಂಥ ಬಂದದ್ದು 2018ರಲ್ಲಿ. ಅಷ್ಟರಲ್ಲಿ ಹೇಳಬೇಕಾಗಿದ್ದವರಲ್ಲಿ ಹೆಚ್ಚಿನವರು ಹೇಳದೆಯೇ ಹೋಗಿಬಿಟ್ಟಿದ್ದರು.

ಆದರೆ ಒಂದು ವಿಷಯದಲ್ಲಿ ಕನ್ನಡಿಗರು ಹೆಮ್ಮೆ ಪಡಬಹುದು. ಈ ಮೌನ ಮುರಿಯುವ ಕೆಲಸದಲ್ಲಿ ಬೆಂಗಳೂರಿಗೆ ದೊಡ್ಡ ಪಾಲಿದೆ. 1981ರ ಫೆಬ್ರವರಿ 7. ಬೆಂಗಳೂರಿನಲ್ಲಿ ವೀನಸ್ ಸರ್ಕಸ್ ಡೇರೆಗೆ ಬೆಂಕಿ ಬಿತ್ತು. 90ಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ಮಕ್ಕಳು. ಆನೆ, ಜೋಕರ್ ನೋಡೋಕೆ ಹೋದ ಮಕ್ಕಳು ಮನೆಗೆ ವಾಪಸ್ ಬರಲಿಲ್ಲ. ಹಿರಿಯ ಬೆಂಗಳೂರಿಗರಿಗೆ ಇವತ್ತಿಗೂ ಆ ದಿನ ನೆನಪಿದೆ. ಆಗ ನಿಮ್ಹಾನ್ಸ್ ತಜ್ಞರು ಮಕ್ಕಳನ್ನು ಕಳೆದುಕೊಂಡ ಕುಟುಂಬಗಳನ್ನು ಭೇಟಿ ಮಾಡಿ, ದುಃಖ ಮನುಷ್ಯನನ್ನು ಹೇಗೆ ತಿನ್ನುತ್ತೆ ಅಂತ ಅಧ್ಯಯನ ಮಾಡಿದರು. ದುರಂತದ ನಂತರ ಮನಸ್ಸಿನ ಕಡೆ ನೋಡಿದ ನಮ್ಮ ದೇಶದ ಆರಂಭದ ಅಧ್ಯಯನಗಳಲ್ಲಿ ಅದೂ ಒಂದು.

ಮೂರು ವರ್ಷ ಕಳೆಯಿತು. 1984ರ ಡಿಸೆಂಬರ್ 2ರ ರಾತ್ರಿ, ಭೋಪಾಲ್. ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ವಿಷಾನಿಲ ಹೊರಬಂತು. ಸಾವಿರಾರು ಜನ ಸತ್ತರು. ಲಕ್ಷಾಂತರ ಜನರ ಶ್ವಾಸಕೋಶ, ಕಣ್ಣು ಹಾಳಾದವು. ಎಲ್ಲರೂ ಅದನ್ನೇ ನೋಡಿದರು. 1985ರಲ್ಲಿ ನಿಮ್ಹಾನ್ಸ್‌ನ ಡಾ. ಆರ್. ಶ್ರೀನಿವಾಸ ಮೂರ್ತಿ ಮತ್ತವರ ಸಂಗಡಿಗರು ಅಲ್ಲಿಗೆ ಹೋದಾಗ ಕಂಡದ್ದು ಇನ್ನೊಂದು ಗಾಯ. ಅದಕ್ಕೆ ಮದ್ದು ಮಾಡೋಕೆ ಬೇಕಾದಷ್ಟು ಮನೋವೈದ್ಯರೇ ಅಲ್ಲಿರಲಿಲ್ಲ. ಅವರು ಕಂಡುಕೊಂಡ ದಾರಿ ಅಪ್ಪಟ ದೇಸಿ ದಾರಿ. ಅನಿಲಪೀಡಿತ ಬಡಾವಣೆಗಳ ಸಾಮಾನ್ಯ ವೈದ್ಯರಿಗೇ ತರಬೇತಿ ಕೊಟ್ಟರು. ಕೆಮ್ಮಿಗೆ ಔಷಧಿ ಬರೆಯೋ ಡಾಕ್ಟರೇ "ರಾತ್ರಿ ನಿದ್ದೆ ಬರುತ್ತಾ?" ಅಂತ ಕೇಳೋದನ್ನು ಕಲಿತರು. ಅದಕ್ಕಾಗಿ ಒಂದು ಕೈಪಿಡಿಯೂ ಸಿದ್ಧವಾಯಿತು.

ಇದೇ ಚಿಂತನೆ ನಮ್ಮ ಬಳ್ಳಾರಿಯಲ್ಲೂ ಬೇರು ಬಿಟ್ಟಿತು. 80ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಮಟ್ಟದಲ್ಲೇ ಮಾನಸಿಕ ಚಿಕಿತ್ಸೆ ಕೊಡುವ ಪ್ರಯೋಗವನ್ನು ನಿಮ್ಹಾನ್ಸ್ ನಡೆಸಿತು. 1996ರಲ್ಲಿ ಅದೇ ಮಾದರಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಒಡಿಶಾದಲ್ಲಿ 1999ರ ಮಹಾ ಚಂಡಮಾರುತ ಬಂದಾಗ ಹಳ್ಳಿ ಹಳ್ಳಿಯಲ್ಲಿ "ಸ್ನೇಹಕರ್ಮಿ"ಗಳನ್ನು ತಯಾರು ಮಾಡಿದರು. ಎಂಥ ಚೆಂದದ ಹೆಸರು ನೋಡಿ! ಡಾಕ್ಟರಲ್ಲ, ಪಂಡಿತರಲ್ಲ, ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳೋಕೆ ಕಲಿತ ಊರಿನ ಜನ. 2001ರ ಗುಜರಾತ್ ಭೂಕಂಪ, 2004ರ ಸುನಾಮಿ, ಎಲ್ಲ ಕಡೆಗೂ ಬೆಂಗಳೂರಿನಿಂದ ತಂಡಗಳು ಹೋದವು.

ಹಾಗಾದರೆ ಮಾತಾಡಿಸಿಬಿಟ್ಟರೆ ಎಲ್ಲ ಸರಿಹೋಗುತ್ತಾ? ಇಲ್ಲ. ಇಲ್ಲೇ ಎಚ್ಚರಿಕೆ ಬೇಕು.

1980ರ ದಶಕದಲ್ಲಿ ಪಶ್ಚಿಮದಲ್ಲಿ ಒಂದು ಪದ್ಧತಿ ಬಂತು. ದುರಂತ ನಡೆದ ಒಂದೆರಡು ದಿನದಲ್ಲೇ ಎಲ್ಲರನ್ನೂ ಕೂರಿಸಿ, ಏನಾಯಿತು, ಏನನ್ನಿಸಿತು ಅಂತ ವಿವರವಾಗಿ ಹೇಳಿಸುವುದು. ಅದಕ್ಕೆ "ಡೀಬ್ರೀಫಿಂಗ್" ಅಂತಾರೆ. ಕೇಳೋಕೆ ಚೆನ್ನಾಗಿದೆ ಅಲ್ವಾ? ಆದರೆ ನಂತರ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ತೂಗಿದಾಗ, ಒಂದೇ ಸಲ ಕೂರಿಸಿ ಹೀಗೆ ಬಾಯಿಬಿಡಿಸುವುದರಿಂದ ಕಾಯಿಲೆ ತಪ್ಪಲಿಲ್ಲ. ಕೆಲವರಿಗೆ ತೊಂದರೆಯೇ ಹೆಚ್ಚಾಗಿರಬಹುದು ಅಂತ ಗೊತ್ತಾಯಿತು. ಹಸಿ ಗಾಯ ಕೆದಕಿದರೆ ಆಗೋದೇ ಅದು.

ಅದಕ್ಕೇ ಈಗ ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ಮನಸ್ಸಿನ ಪ್ರಥಮ ಚಿಕಿತ್ಸೆಯ ಬಗ್ಗೆ. ಮೊದಲು ಸುರಕ್ಷಿತ ಜಾಗ. ನೀರು, ಊಟ, ಹೊದಿಕೆ. ಮನೆಯವರ ಜೊತೆ ಸಂಪರ್ಕ. ಅವರಾಗೇ ಮಾತಾಡಿದರೆ ಕೇಳಿ, ಮಾತಾಡದಿದ್ದರೆ ಬಲವಂತ ಬೇಡ. ಮೊದಲ ದಿನಗಳಲ್ಲಿ ನಿದ್ದೆ ಬರಲಿ ಅಂತ ಮಂಪರು ಮಾತ್ರೆ ಕೊಟ್ಟು ಮಲಗಿಸುವುದೂ ಸರಿಯಲ್ಲ ಅಂತ ಅದೇ ಸಂಸ್ಥೆ 2013ರಲ್ಲಿ ಹೇಳಿದೆ. ಒಳ್ಳೆಯ ಸುದ್ದಿಯೂ ಇದೆ. ದೊಡ್ಡ ಆಘಾತ ಕಂಡವರಲ್ಲಿ ಹೆಚ್ಚಿನವರು ತಮ್ಮವರ ಆಸರೆಯಲ್ಲಿ, ಸಮಯ ಕಳೆದಂತೆ ತಾವಾಗೇ ಚೇತರಿಸಿಕೊಳ್ಳುತ್ತಾರೆ.

ಆದರೆ ಒಂದು ತಿಂಗಳು ಕಳೆದರೂ ಘಟನೆ ಕಣ್ಣ ಮುಂದಿನಿಂದ ಹೋಗದಿದ್ದರೆ, ಸಣ್ಣ ಸದ್ದಿಗೂ ಜೀವ ಜಲ್ ಅನ್ನುತ್ತಿದ್ದರೆ, ಆ ರಸ್ತೆ, ಆ ಜನ, ಆ ಮಾತು ಎಲ್ಲದರಿಂದ ತಪ್ಪಿಸಿಕೊಂಡು ಓಡಾಡುವಂತಾದರೆ, ಆಗ ಚಿಕಿತ್ಸೆ ಬೇಕು. ಥೆರಪಿ ಅಂದರೆ ಸುಮ್ಮನೆ ಸಾಂತ್ವನ ಹೇಳೋದಲ್ಲ. ನಮ್ಮ ಸಾಮಾನ್ಯ ನೆನಪುಗಳಿಗೆ ತಾರೀಕು ಇರುತ್ತೆ. ಅದು ಆಗಿಹೋದದ್ದು ಅಂತ ಮಿದುಳಿಗೆ ಗೊತ್ತಿರುತ್ತೆ. ಆಘಾತದ ನೆನಪಿಗೆ ತಾರೀಕೇ ಇರೋದಿಲ್ಲ. ಅದು ಪ್ರತಿ ಸಲವೂ ಈಗಲೇ ನಡೀತಿದೆ ಅನ್ನೋ ಹಾಗೆ ಬರುತ್ತೆ. ತರಬೇತಾದ ಚಿಕಿತ್ಸಕರು ಸುರಕ್ಷಿತವಾದ ಕೋಣೆಯಲ್ಲಿ, ಸ್ವಲ್ಪ ಸ್ವಲ್ಪವಾಗಿ, ರೋಗಿಯ ಒಪ್ಪಿಗೆಯಿಂದ ಆ ನೆನಪಿನ ಹತ್ತಿರ ಹೋಗಿ, ಅದಕ್ಕೆ ತಾರೀಕು ಹಾಕಿಸುತ್ತಾರೆ. "ತಪ್ಪೆಲ್ಲ ನನ್ನದೇ" ಅನ್ನೋ ಗಂಟನ್ನು ಬಿಡಿಸುತ್ತಾರೆ. ಸಾಮಾನ್ಯವಾಗಿ ವಾರಕ್ಕೊಮ್ಮೆಯಂತೆ ಕೆಲವು ತಿಂಗಳ ಕೆಲಸ. ಕೆಲವರಿಗೆ ಔಷಧಿಯೂ ಬೇಕಾಗಬಹುದು. ನೆನಪು ಅಳಿಸೋದಿಲ್ಲ. ಅದು ಬೆನ್ನಟ್ಟೋದು ನಿಲ್ಲುತ್ತೆ.

ಈಗ ನನ್ನ ಕಸುಬಿನ ಮಾತಿಗೆ ಬರ್ತೀನಿ. 2013ರ ಏಪ್ರಿಲ್‌ನಲ್ಲಿ ಬಾಸ್ಟನ್ ಮ್ಯಾರಥಾನ್‌ನಲ್ಲಿ ಬಾಂಬ್ ಸಿಡಿಯಿತು. ಅದಾದ ಮೇಲೆ ಸಂಶೋಧಕರು ಅಮೆರಿಕದ 4,675 ವಯಸ್ಕರನ್ನು ವಿಚಾರಿಸಿದರು. ನಂತರದ ಒಂದು ವಾರ ದಿನಕ್ಕೆ ಆರು ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ಆ ಸುದ್ದಿಯನ್ನೇ ನೋಡಿದವರಲ್ಲಿ, ಸ್ಫೋಟದ ಜಾಗದಲ್ಲಿದ್ದವರಿಗಿಂತಲೂ ಹೆಚ್ಚಿನ ಒತ್ತಡ ಕಂಡುಬಂತು! ಹೌದು, ಸರಿಯಾಗೇ ಓದಿದಿರಿ. ಅದೇ ಹೊಗೆ, ಅದೇ ರಕ್ತ, ಅದೇ ಕಿರುಚಾಟ ಪರದೆ ಮೇಲೆ ಸುತ್ತಿ ಸುತ್ತಿ ಬಂದರೆ ಮಿದುಳು ಅದನ್ನು ಒಂದು ಘಟನೆ ಅಂತ ಲೆಕ್ಕ ಹಾಕೋದಿಲ್ಲ. ನೂರು ಘಟನೆ ಅಂತ ಹಾಕುತ್ತೆ.

ಸುದ್ದಿವಾಹಿನಿಯಲ್ಲಿ ಕೂತು ನಾನು ಇದನ್ನು ಹೇಳುತ್ತಿರೋದು ವಿಚಿತ್ರ ಅನ್ನಿಸಬಹುದು. ಆದರೆ ಹೇಳಲೇಬೇಕು. ಗುಡ್ಡ ಕುಸಿದ ಜಾಗದಲ್ಲಿ, ಬಸ್ ಉರಿದ ಜಾಗದಲ್ಲಿ, ಈಗಷ್ಟೇ ಮಗನ ಮುಖ ನೋಡಿ ಬಂದ ತಾಯಿಯ ಬಾಯಿಗೆ ಮೈಕ್ ಹಿಡಿದು "ಏನನ್ನಿಸ್ತಿದೆ ಅಮ್ಮಾ?" ಅಂತ ಕೇಳೋದು ಪತ್ರಿಕೋದ್ಯಮ ಅಲ್ಲ ಅನ್ನೋದು ನನ್ನ ಖಚಿತ ಅಭಿಪ್ರಾಯ. ವೈದ್ಯರೇ ಬಲವಂತವಾಗಿ ಬಾಯಿಬಿಡಿಸಬಾರದು ಅಂತ ಗೊತ್ತಾದ ಮೇಲೆ, ಕ್ಯಾಮೆರಾಗೆ ಆ ಹಕ್ಕು ಕೊಟ್ಟವರು ಯಾರು? ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ. ಬಸ್ಸಿಗೆ ತುರ್ತು ಬಾಗಿಲು ಇತ್ತಾ? ಗುಡ್ಡ ಕಡಿಯೋಕೆ ಅನುಮತಿ ಕೊಟ್ಟವರು ಯಾರು? ಅವನ್ನು ಅಧಿಕಾರಿಗಳಿಗೆ ಕೇಳೋಣ. ತಾಯಿಯನ್ನು ಅವಳ ಪಾಡಿಗೆ ಬಿಡೋಣ.

ವೀಕ್ಷಕರಾಗಿ ನಿಮ್ಮ ಪಾಲೂ ಇದೆ. ಮಕ್ಕಳಿರುವ ಮನೆಯಲ್ಲಿ ದುರಂತದ ದೃಶ್ಯ ಗಂಟೆಗಟ್ಟಲೆ ಓಡುತ್ತಿದ್ದರೆ ರಿಮೋಟ್ ನಿಮ್ಮ ಕೈಯಲ್ಲಿದೆ. ಸುದ್ದಿ ತಿಳಿದುಕೊಳ್ಳಿ, ಆಫ್ ಮಾಡಿ. ನಾನೇ ಹೇಳ್ತಿದ್ದೀನಿ.

ನಮ್ಮಲ್ಲಿ ಆಘಾತ ಆದವರಿಗೆ ಇವತ್ತಿಗೂ ಸಿಗೋ ಉತ್ತರಗಳನ್ನು ನೋಡಿ. "ಗ್ರಹಚಾರ ಸರಿ ಇಲ್ಲ." "ಏನೋ ಮೆಟ್ಟಿಕೊಂಡಿದೆ, ತಾಯತ ಕಟ್ಟಿಸು." "ನಿಮ್ಹಾನ್ಸಾ? ಹುಚ್ಚಾಸ್ಪತ್ರೆಗೆ ಹೋದರೆ ಮಗಳಿಗೆ ಗಂಡು ಸಿಗುತ್ತಾ?" ಡಾ. ಸಿ.ಆರ್. ಚಂದ್ರಶೇಖರ್ ಅವರಂಥವರು ಕನ್ನಡದಲ್ಲೇ ನೂರಾರು ಪುಸ್ತಕ ಬರೆದು, ಊರೂರು ಸುತ್ತಿ ಈ ಭಯ ಬಿಡಿಸೋಕೆ ಜೀವ ತೇಯ್ದಿದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯನ್ನು ಹಕ್ಕು ಅಂತ ಹೇಳಿದೆ. 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಸಹಾಯವಾಣಿ ಇದೆ. ನಂಬರ್ 14416. ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾಸ್ಪತ್ರೆಯಲ್ಲೂ ಮಾನಸಿಕ ಆರೋಗ್ಯ ವಿಭಾಗ ಇದೆ, ಹೋಗಿ ಕೇಳಿ.

ಅದಕ್ಕೂ ಮೊದಲು ನಾವೆಲ್ಲ ಮಾಡಬಹುದಾದ ಕೆಲಸ ಒಂದಿದೆ. ಮನೆಯಲ್ಲಿ ಯಾರಾದರೂ "ನನ್ನ ಕೈಲಾಗ್ತಿಲ್ಲ" ಅಂದಾಗ "ಧೈರ್ಯ ತಂದ್ಕೋ" ಅನ್ನೋದನ್ನು ಬಿಡೋದು. ಒಂದು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತುಕೊಳ್ಳಿ. "ನಾನಿದ್ದೀನಿ, ಹೇಳಬೇಕು ಅನ್ನಿಸಿದಾಗ ಹೇಳು" ಅನ್ನಿ. ಹೇಳಿದ್ದನ್ನು ನಂಬಿ. ಡಾಕ್ಟರ ಹತ್ತಿರ ಹೋಗೋ ದಿನ ಜೊತೆಗೆ ಹೋಗಿ, ಹೊರಗಿನ ಬೆಂಚಿನ ಮೇಲೆ ಕಾಯ್ತಾ ಕೂತಿರಿ.